ಒಂಬತ್ತನೇ ಚೌಕದ ಷರಾ

ನಮ್ಮ ಭಾವ ಸಾಧು ಪ್ರಾಣಿ. ಅಕ್ಕ ಬೈದರೆ ತಲೆಯಾಡಿಸುತ್ತಾರೆ, ಕಚೇರಿಯಲ್ಲಿ ಬೈದರೆ ತಲೆಯಾಡಿಸುತ್ತಾರೆ, ಕತ್ತೆ ಒದ್ದರೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿದು "ಏನಾಯ್ತು ತಾಯಿ?" ಎಂದು ವಿಚಾರಿಸುತ್ತಾರೆ. ಇಂಥವರ ಮೇಲೆ ಮೂವತ್ತೊಂದು ವರ್ಷ ಇಲಾಖೆಗೆ ಮೋಸ ಮಾಡಿದ ಆರೋಪ ಬಂತು ಅಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಾನು ಎರಡನ್ನೂ ಮಾಡಿದೆ. ಯಾಕೆಂದರೆ ಆ ಆರೋಪಕ್ಕೆ ಕಾರಣ ನಾನೇ.

ಭಾವನ ಕೆಲಸ ಏನೆಂದು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ಅವರು ಹುಲ್ಲು ಎಣಿಸುತ್ತಾರೆ. ಊರಾಚೆ ಮುನ್ನೂರು ಎಕರೆ ಹುಲ್ಲುಗಾವಲಿದೆ, ಇಲಾಖೆಗೆ ಸೇರಿದ್ದು. ಮೂವತ್ತೊಂದು ವರ್ಷದ ಹಿಂದೆ ಅಲ್ಲಿ ದನ ಮೇಯಿಸುವುದನ್ನು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ನೆಲಕ್ಕೆ ಏನಾಗುತ್ತದೆ ಎಂದು ತಿಳಿಯಬೇಕಲ್ಲ, ಅದಕ್ಕೆ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಹನ್ನೆರಡು ಚೌಕ ಗುರುತಿಸಿ, ಮೂಲೆಮೂಲೆಗೆ ಕಬ್ಬಿಣದ ಗೂಟ ಹೊಡೆದರು. ಪ್ರತಿ ಸೋಮವಾರ ಒಬ್ಬರು ಹೋಗಿ ಚೌಕದೊಳಗೆ ಮರದ ಚೌಕಟ್ಟೊಂದನ್ನು ಇಟ್ಟು, ಅದರೊಳಗೆ ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಿ ಬರೆಯಬೇಕು. ಆ ಒಬ್ಬರೇ ಭಾವ. ಮೊದಲ ಸೋಮವಾರ ಹೋದವರು ಇನ್ನೂ ಹೋಗುತ್ತಲೇ ಇದ್ದಾರೆ. ಊರಿನಲ್ಲಿ ಅವರಿಗೆ ಚೌಕಟ್ಟಪ್ಪ ಎಂದೇ ಹೆಸರು.

ಹನ್ನೆರಡರಲ್ಲಿ ಹನ್ನೊಂದು ಚೌಕ ಬಟ್ಟಬಯಲಲ್ಲಿವೆ. ಜನ ಅಡ್ಡದಾರಿ ಹಿಡಿದು ತುಳಿಯುತ್ತಾರೆ, ಬೇಕಾದವರು ಹುಲ್ಲು ಕೊಯ್ಯುತ್ತಾರೆ. ಒಂಬತ್ತನೆಯದಕ್ಕೆ ಮಾತ್ರ ಸುತ್ತ ತಂತಿ ಬೇಲಿ, ಬೇಲಿಗೆ ಒಂದು ಹಲಗೆ: 'ಒಳಗೆ ಕಾಲಿಡಬಾರದು'. ಉಳಿದವುಗಳ ಜೊತೆ ಹೋಲಿಸಿ ನೋಡುವುದಕ್ಕೆ ಏನೂ ಮಾಡದೆ, ಮುಟ್ಟದೆ ಬಿಟ್ಟ ಚೌಕ ಅದು.

ಚೌಕಟ್ಟು, ತಕ್ಕಡಿ, ಮಳೆ ಅಳೆಯುವ ಡಬ್ಬ, ರಿಜಿಸ್ಟರು, ನೀರು, ಬುತ್ತಿ, ಇಷ್ಟನ್ನು ಹೊತ್ತು ಊರಿಂದ ಹುಲ್ಲುಗಾವಲಿಗೆ ಹೋಗಿ ಬರಬೇಕು. ಅದಕ್ಕೊಂದು ಜೀಪು ಮಂಜೂರಾಗಿತ್ತು. ಜೀಪು ಬರುವವರೆಗೆ ಇರಲಿ ಎಂದು ಭಾವ ಇಟ್ಟಿಗೆ ಗೂಡಿನವನ ಹತ್ತಿರ ಒಂದು ಹೆಣ್ಣು ಕತ್ತೆ ಕೇಳಿ ತಂದರು. ಜೀಪು ಬರಲಿಲ್ಲ. ಕತ್ತೆಯನ್ನು ಚೌಕದ ಗೂಟಕ್ಕೆ ಕಟ್ಟಿದರೆ ಅದು ಗೂಟ ಸಮೇತ ಹೊರಟುಬಿಡುತ್ತಿತ್ತು. ಒಮ್ಮೆ ನಾಲ್ಕನೇ ಚೌಕದ ಈಶಾನ್ಯ ಮೂಲೆ ಇಟ್ಟಿಗೆ ಗೂಡಿನ ಬಾಗಿಲಲ್ಲಿ ಸಿಕ್ಕಿತು. ಭಾವ ಯೋಚಿಸಿದರು. ಮುನ್ನೂರು ಎಕರೆಯಲ್ಲಿ ಬೇಲಿ ಇರುವುದು ಒಂದೇ ಕಡೆ. ಕತ್ತೆ ಓಡಿಹೋಗದ ಹಾಗೆ ನಿಲ್ಲಿಸಬೇಕಾದರೆ ಬೇಲಿಯೊಳಗೇ ನಿಲ್ಲಿಸಬೇಕು. ಮುಂದಿನ ಸೋಮವಾರದಿಂದ ಬೇಲಿಯ ಮೂಲೆಯ ಕೊಕ್ಕೆ ಬಿಚ್ಚಿ, ಕತ್ತೆಯನ್ನು ಒಂಬತ್ತನೇ ಚೌಕಕ್ಕೆ ಬಿಟ್ಟು, ಕೊಕ್ಕೆ ಹಾಕಿ, ಚೌಕಟ್ಟು ರಿಜಿಸ್ಟರು ಮಾತ್ರ ಹಿಡಿದು ಉಳಿದ ಹನ್ನೊಂದನ್ನು ಎಣಿಸಿಕೊಂಡು ಬರುತ್ತಿದ್ದರು. ಮೂರು ಗಂಟೆ ಹಿಡಿಯುತ್ತಿತ್ತು. ಕೊನೆಗೆ ಒಂಬತ್ತನೆಯದು. ಒಳಗೆ ಕಾಲಿಡಬಾರದು ಎಂದಿದೆಯಲ್ಲ, ಭಾವ ಹೊರಗೇ ನಿಂತು, ಚೌಕಟ್ಟನ್ನು ಉದ್ದನೆಯ ಬಿದಿರು ಕೋಲಿಗೆ ಸಿಕ್ಕಿಸಿ ಬೇಲಿಯ ಮೇಲಿಂದ ಇಳಿಬಿಟ್ಟು, ಕತ್ತು ಚಾಚಿ ಎಣಿಸುತ್ತಿದ್ದರು. ಒಳಗೆ ಕತ್ತೆ, ಹೊರಗೆ ಭಾವ. ಹೀಗೆ ಮೂವತ್ತೊಂದು ವರ್ಷ.

ಇದರಲ್ಲಿ ಕಳ್ಳತನವೇನೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು ಎನ್ನುವುದು ಎಣಿಸುವವರ ನಿಯಮ. ರಿಜಿಸ್ಟರಿನ ಕೊನೆಯ ಕಾಲಂ ಷರಾ, ಅಂದರೆ ಲೆಕ್ಕ ಬಿಟ್ಟು ಇನ್ನೇನಾದರೂ ಹೇಳುವುದಿದ್ದರೆ ಬರೆಯುವ ಜಾಗ. ಭಾವ ಅಲ್ಲಿ ವಾರವಾರವೂ ಬರೆದರು: 'ಕತ್ತೆ ಒಳಗಿದೆ.' ಅದರ ಕೆಳಗೆ ಒಬ್ಬರಾದ ಮೇಲೊಬ್ಬರು ಏಳು ಜನ ಅಧಿಕಾರಿಗಳು ರುಜು ಹಾಕಿದ್ದಾರೆ. ಯಾರೂ ಚಕಾರ ಎತ್ತಲಿಲ್ಲವಾದ್ದರಿಂದ ಇಲಾಖೆಗೆ ಒಪ್ಪಿಗೆ ಇದೆ ಎಂದೇ ಭಾವ ತಿಳಿದಿದ್ದರು.

ಈಗ ನನ್ನ ಪುರಾಣ. ನಾಲ್ಕು ವರ್ಷದ ಹಿಂದೆ ಭಾವನೇ ಕಚೇರಿಯಲ್ಲಿ ಅವರಿವರ ಕಾಲು ಹಿಡಿದು ನನ್ನನ್ನು ಗುತ್ತಿಗೆಯ ಟೈಪಿಸ್ಟ್ ಮಾಡಿಸಿದರು. ಮೂವತ್ತೊಂದು ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕಂಪ್ಯೂಟರಿನ ನಮೂನೆಯಲ್ಲಿ ಅಂಕಿಗೆ ಜಾಗವಿತ್ತು, ಅಕ್ಷರಕ್ಕೆ ಇರಲಿಲ್ಲ. ಷರಾ ಬಂದಾಗಲೆಲ್ಲ ಅದು ಕೆಂಪು ಗೆರೆ ತೋರಿಸಿ ಕಿಂಯ್ ಎನ್ನುತ್ತಿತ್ತು. ಹೊಸ ಕಾಲಂ ಮಾಡಿಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ಅರ್ಜಿ ಬರಿ ಅನ್ನುತ್ತಾರೆ. ಷರಾದಲ್ಲಿ ಏನಿರುತ್ತೆ ಮಹಾ, 'ಗಾಳಿ ಜೋರು', 'ಮೋಡ' ಅಂತ ಇರುತ್ತೆ ಎಂದುಕೊಂಡು ಬಿಟ್ಟೆ. ಓದಲೂ ಇಲ್ಲ. ನನ್ನ ಸೋಮಾರಿತನದ ಇತಿಹಾಸದಲ್ಲಿ ಇಷ್ಟು ಸಲೀಸಾಗಿ ನಡೆದ ಕೆಲಸ ಇನ್ನೊಂದಿಲ್ಲ.

ಈ ವರ್ಷ ಹೊಸ ಅಧಿಕಾರಿ ಬಂದರು, ಹೆಂಗಸು, ಚುರುಕು. ಎಲ್ಲರೂ ಮೇಡಂ ಅನ್ನುತ್ತೇವೆ. ಬಂದವರೇ ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಮೂವತ್ತೊಂದು ವರ್ಷದ ಲೆಕ್ಕವನ್ನು ಕೂತು ನೋಡಿದರು. ಮೂರು ತಿಂಗಳು ನೋಡಿದರು. ಗ್ರಾಫು ಎಳೆದು ಗೋಡೆಗೆ ಅಂಟಿಸಿದರು. ಹನ್ನೊಂದು ಗೆರೆಗಳು ಜಾರುಬಂಡೆಯ ಹಾಗೆ ಇಳಿದಿದ್ದವು: ಮೊದಲು ನಲವತ್ತು ಬಗೆಯ ಗಿಡ ಇದ್ದಲ್ಲಿ ಈಗ ಹತ್ತೋ ಹನ್ನೆರಡೋ, ಉಳಿದದ್ದೆಲ್ಲ ಎದೆಮಟ್ಟದ ಒರಟು ಹುಲ್ಲು. ಒಂಬತ್ತನೇ ಚೌಕದ ಗೆರೆ ಮಾತ್ರ ನೆಟ್ಟಗೆ ಹೋಗಿತ್ತು. ನಲವತ್ತೊಂದು ಬಗೆ. ಬೇರೆಲ್ಲೂ ಉಳಿಯದ, ಅಂಗಿಯ ಗುಂಡಿಯಷ್ಟೇ ದೊಡ್ಡದಾದ ನೀಲಿ ಹೂವು ಅಲ್ಲಿ ನೆಲ ಕಾಣದಂತೆ ಅರಳಿತ್ತು. ನಡುವೆ ಒಂದೇ ಕಡೆ, ಹತ್ತು ಹನ್ನೊಂದು ವರ್ಷದ ಹಿಂದೆ, ಆ ಗೆರೆ ಗುಂಡಿಗೆ ಬಿದ್ದು ಇಪ್ಪತ್ತಾರಕ್ಕಿಳಿದು ಮತ್ತೆ ಎದ್ದಿತ್ತು. ಮೇಡಂ ಅಲ್ಲೊಂದು ನಕ್ಷತ್ರ ಹಾಕಿ ಕೆಳಗೆ 'ಕಾರಣ ತಿಳಿದಿಲ್ಲ' ಎಂದು ಬರೆದಿದ್ದರು.

ತೀರ್ಮಾನ ಸ್ಪಷ್ಟವಾಗಿತ್ತು. ಕಾಲಿಡದ ನೆಲ ಉಳಿದಿದೆ, ಕಾಲಿಟ್ಟ ನೆಲ ಕೆಟ್ಟಿದೆ. ಆದ್ದರಿಂದ ಮುನ್ನೂರು ಎಕರೆಗೂ ಬೇಲಿ ಹಾಕುವುದು, ನರಪಿಳ್ಳೆಯೂ ಒಳಗೆ ಹೋಗದಂತೆ ನೋಡಿಕೊಳ್ಳುವುದು. ಕಲ್ಲುಕಂಬಗಳೂ ತಂತಿಯ ಸುರುಳಿಗಳೂ ಲಾರಿಗಟ್ಟಲೆ ಬಂದು ಕಚೇರಿಯ ಅಂಗಳ ತುಂಬಿ, ನಾವು ಸೈಕಲ್ಲುಗಳನ್ನು ಹೆಡ್ ಗುಮಾಸ್ತರ ಕೋಣೆಯಲ್ಲಿ ನಿಲ್ಲಿಸುವ ಹಾಗಾಯಿತು.

ಆ ಮಂಗಳವಾರ ಎಲ್ಲರನ್ನೂ ಕರೆದು ಮೇಡಂ ಗ್ರಾಫು ವಿವರಿಸಿದರು. ಭಾವನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ನಾಲ್ಕು ತಿಂಗಳಲ್ಲಿ ನಿವೃತ್ತರಾಗುವ ಭಾವ ನಾಚಿಕೊಂಡು, ಸದಾ ಜೊತೆಗಿಟ್ಟುಕೊಳ್ಳುವ ಚೌಕಟ್ಟಿನ ಹಿಡಿ ಸವರಿದರು. ಕೊನೆಗೆ ಮೇಡಂ, "ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?" ಎಂದರು. ಇಂಥ ಹೊತ್ತಿನಲ್ಲಿ ಯಾರೂ ಏನೂ ಕೇಳಬಾರದು ಎನ್ನುವುದು ಯಾವ ಕಚೇರಿಯಲ್ಲಾದರೂ ಇರುವ ಧರ್ಮ. ಭಾವ ಕೈ ಎತ್ತಿದರು.

"ಮೇಡಂ, ಗೇಟು ಎಲ್ಲಿಡ್ತೀರಿ?"

"ಗೇಟು ಇಲ್ಲ. ಯಾರೂ ಒಳಗೆ ಹೋಗೋ ಹಾಗೇ ಇಲ್ವಲ್ಲ."

"ಅದು ಸರಿ ಮೇಡಂ. ಜನ ಹೋಗೋದು ಬೇಡ. ಆದ್ರೆ ಕತ್ತೆ ಹೇಗೆ ಹೋಗುತ್ತೆ?"

"ಯಾವ ಕತ್ತೆ?"

"ಒಂಬತ್ತನೇ ಚೌಕದ ಕತ್ತೆ."

ಮೇಡಂ ನಕ್ಕರು. ಯಾರೂ ನಗಲಿಲ್ಲವಾದ್ದರಿಂದ ನಿಲ್ಲಿಸಿದರು. "ಒಂಬತ್ತರಲ್ಲಿ ಕತ್ತೆ ಇದ್ಯಾ?"

"ಇವತ್ತಿಲ್ಲ ಮೇಡಂ. ಸೋಮವಾರ ಮಾತ್ರ," ಎಂದರು ಭಾವ, ಸಮಾಧಾನ ಹೇಳುವವರ ಹಾಗೆ. "ಮೂರೇ ಗಂಟೆ."

"ಎಷ್ಟು ದಿನದಿಂದ?"

"ಮೊದಲಿಂದಾನೂ."

ಮೇಡಂ ಗೋಡೆಯ ಕಡೆ ತಿರುಗಿ ತಮ್ಮ ಗ್ರಾಫನ್ನು ನೋಡಿದರು, ಭಾವನನ್ನು ನೋಡಿದರು, ಕುರ್ಚಿ ಎಲ್ಲಿದೆ ಎಂದು ಕೈಯಲ್ಲಿ ತಡಕಿ ಕೂತರು. ಹೆಡ್ ಗುಮಾಸ್ತರಿಗೆ ಇಂಥ ಗಳಿಗೆ ಅಂದರೆ ಹಬ್ಬ. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು ನೋಡಿ," ಎಂದರು.

"ಬೇಲಿ ಮೇಯ್ಲಿಲ್ಲ ಸಾರ್," ಎಂದು ಭಾವ ತಿದ್ದಿದರು, "ಕತ್ತೆ ಮೇಯ್ತು."

"ಮುಟ್ಟಬಾರದ ಚೌಕಾನ ಮೂವತ್ತೊಂದು ವರ್ಷ ಕತ್ತೆಗೆ ಮೇಯಿಸಿ ನಮಗೆ ಹೇಳದೆ ಇದ್ದೀರಲ್ಲ," ಎಂದರು ಮೇಡಂ. ಪಾಪ, ಮೂರು ತಿಂಗಳು ಕಣ್ಣು ಸವೆಸಿದವರು. "ಇದು ಮೋಸ ಅಲ್ವಾ?"

"ಬರೆದಿದ್ದೀನಲ್ಲ ಮೇಡಂ, ಪ್ರತಿ ವಾರ."

"ಎಲ್ಲಿ? ಎಲ್ಲ ಲೆಕ್ಕಾನೂ ಇಲ್ಲಿದೆ. ಇಡೀ ಕಂಪ್ಯೂಟರಲ್ಲಿ ಕತ್ತೆ ಅನ್ನೋ ಮಾತೇ ಇಲ್ಲ."

ಆಗ ಭಾವ ನನ್ನ ಕಡೆ ನೋಡಿದರು. ನಾನು ಮೇಲೆ ತಿರುಗುವ ಫ್ಯಾನು ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ಬೆರಳುಗಳನ್ನು ಮುಚ್ಚಿಟ್ಟಿತು. ಅಷ್ಟು ಸಾಕಾಯಿತು ಭಾವನಿಗೆ. ತಿಂಗಳ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದು ಬಿಡುವುದು ಮೇಡಂ ಕೈಯಲ್ಲಿದೆ ಎನ್ನುವುದು ಅವರಿಗೆ ಗೊತ್ತಿತ್ತು.

"ಹಾಗಾದ್ರೆ ಬರೆದಿಲ್ವೇನೋ ಮೇಡಂ," ಎಂದರು ಅವರು. "ವಯಸ್ಸಾಯ್ತು. ತಪ್ಪು ನನ್ನದೇ."

ಅಲ್ಲೇ ನಡಾವಳಿ ಬರೆದರು. ಚೌಕಗಳ ಮೂವತ್ತೊಂದು ವರ್ಷದ ಲೆಕ್ಕವನ್ನೆಲ್ಲ ಅಸಿಂಧು ಎಂದು ತೆಗೆದುಹಾಕುವ ವಿಷಯ ಶುಕ್ರವಾರದ ಸಭೆಯ ಮುಂದೆ ಬರುವುದು. ಲೆಕ್ಕ ಹೋದ ಮೇಲೆ ರಿಜಿಸ್ಟರುಗಳು ರದ್ದಿಗೆ. "ಬೇಲಿ?" ಎಂದು ಯಾರೋ ಕೇಳಿದರು. ಹೆಡ್ ಗುಮಾಸ್ತರು ಕಿಟಕಿಯಾಚೆ ಕೈ ತೋರಿಸಿದರು. "ಆಧಾರ ಹೋದ್ರೇನು, ಕಂಬ ಬಂದಾಗಿದೆಯಲ್ಲ. ವಾಪಸ್ ಕಳಿಸೋಕೆ ನಿಯಮ ಇಲ್ಲ. ಹಾಕಲೇಬೇಕು." ಮೇಡಂ ಅದನ್ನೂ ನಡಾವಳಿಗೆ ಸೇರಿಸಿದರು. ಹೀಗೆ, ಯಾವ ಕಾರಣವೂ ಇಲ್ಲದೆ ಮುನ್ನೂರು ಎಕರೆಗೆ ಬೇಲಿ ಬೀಳುವುದು ಖಾಯಂ ಆಯಿತು.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಎದುರಿಗೆ ಕತ್ತೆ. ಇದು ಹೊಸ ಕತ್ತೆ. ಬಂದು ಒಂಬತ್ತು ವರ್ಷವಾದರೂ ಮನೆಯಲ್ಲಿ ಅದಕ್ಕೆ ಹೊಸ ಕತ್ತೆ ಎಂದೇ ಹೆಸರು, ಸೊಸೆಯ ಹಾಗೆ.

"ಯಾಕೆ ಭಾವ ನನ್ನ ಹೆಸರು ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಏನಾಗ್ತಿತ್ತು? ನನಗಿನ್ನು ನಾಲ್ಕು ತಿಂಗಳು. ನಿನಗೆ ಇಡೀ ಆಯುಷ್ಯ ಇದೆ." ಕತ್ತೆಯ ಕಡೆ ನೋಡುತ್ತ, "ಬೇಲಿ ಹಾಕಿದ್ರೆ ಎರಡೇ ವರ್ಷಕ್ಕೆ ಆ ನೀಲಿ ಹೂವು ಇರಲ್ಲ ಕಣಯ್ಯಾ. ಒರಟು ಹುಲ್ಲು ನುಂಗಿಬಿಡುತ್ತೆ. ಅದೊಂದು ಬೇಜಾರು," ಎಂದರು. ಮೂವತ್ತೊಂದು ವರ್ಷದ ರಿಜಿಸ್ಟರುಗಳು ರದ್ದಿಗೆ ಹೋಗುವುದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಎಂದು ನನಗೆ ಗೊತ್ತಾಯಿತು.

ಅಕ್ಕ ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಸೌಟು ಹಿಡಿದೇ ಬಂದಳು. "ಬರೆಯೋರು ಬಿಸಿಲಲ್ಲಿ ನಿಂತು ಬರೆದ್ರು. ನೀನು ಫ್ಯಾನಿನ ಕೆಳಗೆ ಕೂತು ನೋಡಿ ಕುಟ್ಟೋಕೆ ಆಗ್ಲಿಲ್ವಾ? ನಿನ್ನ ಬೆರಳಿಗೇನು ಲಕ್ವ ಹೊಡೆದಿತ್ತೇನೋ?"

"ಅಕ್ಕ, ಕಂಪ್ಯೂಟರಲ್ಲಿ ಜಾಗ..."

"ಕತ್ತೆಗೆ ಬೇಲಿಯೊಳಗೆ ಜಾಗ ಮಾಡಿದ್ರಲ್ಲೋ ಅವರು! ನಿನಗೆ ಒಂದು ಗೆರೆಗೆ ಜಾಗ ಮಾಡೋಕೆ ಆಗ್ಲಿಲ್ಲ. ಈ ಮನೇಲಿ ಎರಡು ಕತ್ತೆ ಸಾಕಿದೆ ನಾನು, ಎರಡೂ ನಿನಗಿಂತ ವಾಸಿ."

ಊಟ ಹಾಕಿದಳು, ಆದರೆ ಎರಡನೇ ಸಲ ಬಡಿಸಲಿಲ್ಲ. ನಮ್ಮ ಅಕ್ಕನ ಮನೆಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಬುಧವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿದ್ದೆ. ಉಗ್ರಾಣದ ತಗಡಿನ ಬೀರುವಿನಿಂದ ಮೂವತ್ತೊಂದು ರಿಜಿಸ್ಟರುಗಳನ್ನು ಇಳಿಸಿದೆ. ಅಂಕಿ ತುಂಬಬೇಕಾದ ನಮೂನೆಯನ್ನು ಅತ್ತ ಸರಿಸಿ, ಬಿಳಿ ಹಾಳೆಯೊಂದನ್ನು ತೆರೆದು, ಮೊದಲ ಸೋಮವಾರದಿಂದ ಶುರು ಮಾಡಿದೆ. ಎರಡು ಗೆರೆ, ತಾರೀಖು ಮತ್ತು ಷರಾ. ಒಟ್ಟು ಸಾವಿರದ ಆರುನೂರ ಹನ್ನೆರಡು ವಾರ.

ಮೊದಮೊದಲು ಬೇಗ ಸಾಗಿತು. 'ಕತ್ತೆ ಒಳಗಿದೆ.' 'ಕತ್ತೆ ಒಳಗಿದೆ. ಬಲಗಾಲು ಕುಂಟು.' 'ಕತ್ತೆ ಒಳಗಿದೆ. ಮಳೆ ಡಬ್ಬದ ನೀರು ಕುಡಿದಿದೆ, ಈ ವಾರದ ಮಳೆ ತಿಳಿಯದು.' ಆಮೇಲೆ ನಿಧಾನವಾಯಿತು, ಯಾಕೆಂದರೆ ಓದತೊಡಗಿದೆ. 'ಮಗಳು ಹುಟ್ಟಿದಳು, ಬೆಳಿಗ್ಗೆ. ತಡವಾಗಿ ಬಂದೆ. ಕತ್ತೆ ಎರಡೇ ಗಂಟೆ ಒಳಗಿತ್ತು.' 'ಅಮ್ಮ ತೀರಿಕೊಂಡು ಮೂರನೇ ದಿನ. ಎಣಿಸುವಾಗ ಎರಡು ಸಲ ತಪ್ಪಿತು, ಮೂರನೇ ಸಲ ಸರಿಯಾಗಿದೆ. ಕತ್ತೆ ಒಳಗಿದೆ.' ಇಪ್ಪತ್ತೇಳನೇ ರಿಜಿಸ್ಟರಿನಲ್ಲಿ: 'ಭಾಮೈದನಿಗೆ ನಮ್ಮಲ್ಲೇ ಕೆಲಸ ಸಿಕ್ಕಿತು. ಹುಡುಗ ಚುರುಕು, ಇನ್ನು ಎಲ್ಲ ಬರಹವೂ ಕಂಪ್ಯೂಟರಿನಲ್ಲಿ ಸುರಕ್ಷಿತ. ಕತ್ತೆ ಒಳಗಿದೆ.'

ನನಗೆ ಅಳು ಬಂತು. ಹೆಡ್ ಗುಮಾಸ್ತರು ಸೈಕಲ್ಲುಗಳ ನಡುವಿನಿಂದ ಬಗ್ಗಿ ನೋಡಿ, "ಧೂಳು ಜಾಸ್ತಿ," ಎಂದು ತಾವೇ ಕಾರಣ ಕೊಟ್ಟು ಹೋದರು. ಅವರ ಮೇಲೆ ಮೊದಲ ಸಲ ನನಗೆ ಪ್ರೀತಿ ಹುಟ್ಟಿತು.

ಶುಕ್ರವಾರ ಸಭೆ ಶುರುವಾಗುವ ಹೊತ್ತಿಗೆ ಕೊನೆಯ ಸೋಮವಾರ ಮುಗಿಯಿತು. ಹಾಳೆಗಳ ಕಟ್ಟನ್ನು ಮೇಡಂ ಮುಂದಿಟ್ಟು ನಿಂತೆ. "ಮೇಡಂ, ಭಾವ ಪ್ರತಿ ವಾರ ಬರೆದಿದ್ದಾರೆ. ಷರಾ ಕಾಲಂ ಬಿಟ್ಟವನು ನಾನು. ಸೋಮಾರಿತನ, ಬೇರೇನಿಲ್ಲ. ಮೋಸ ಆಗಿದ್ರೆ ಅದು ನನ್ನದು. ಅವರ ಲೆಕ್ಕ ತೆಗೀಬೇಡಿ." ಭಾವ ಮೂಲೆಯಿಂದ "ಯಾಕಪ್ಪಾ ನಿನಗಿದೆಲ್ಲ" ಎಂದು ಗೊಣಗಿದರು.

ಮೇಡಂ ನನ್ನನ್ನು ಬೈಯಲಿಲ್ಲ. ಹಾಳೆ ತಿರುವಿದರು. ತಿರುವುತ್ತ ತಿರುವುತ್ತ ಎದ್ದು ಗ್ರಾಫಿನ ಹತ್ತಿರ ಹೋದರು. ಒಂದು ಬೆರಳು ಹಾಳೆಯ ಮೇಲೆ, ಒಂದು ಬೆರಳು ಗೆರೆಯ ಮೇಲೆ. ಕತ್ತೆ ಇದ್ದ ಇಪ್ಪತ್ತು ವರ್ಷ ಗೆರೆ ನೆಟ್ಟಗೆ. ಆಮೇಲೆ ಅವರ ಎರಡೂ ಬೆರಳುಗಳು ಒಟ್ಟಿಗೆ ನಿಂತವು, ಗೋಡೆಯಲ್ಲಿ ನಕ್ಷತ್ರದ ಹತ್ತಿರ, ಹಾಳೆಯಲ್ಲಿ ಒಂದು ಷರಾದ ಮೇಲೆ.

'ಕತ್ತೆ ಇಲ್ಲ. ನಿನ್ನೆ ಸತ್ತಿತು.'

ಅದರ ಮುಂದಿನ ವಾರ, 'ಕತ್ತೆ ಇಲ್ಲ. ಚೌಕಟ್ಟು ಹೆಗಲ ಮೇಲೆ.' ಅದರ ಮುಂದಿನದೂ ಹಾಗೆಯೇ. ಹಾಗೆ ಎರಡು ವರ್ಷ. ಆ ಎರಡು ವರ್ಷ ಒಂಬತ್ತನೇ ಚೌಕದೊಳಗೆ ನಿಜವಾಗಿಯೂ ಯಾರ ಕಾಲೂ ಬಿದ್ದಿರಲಿಲ್ಲ, ಆಗಲೇ ಹೂವು ಸತ್ತು ಒರಟು ಹುಲ್ಲು ಏರಿತ್ತು. ಆಮೇಲೆ ಒಂದು ಸೋಮವಾರ, 'ಹೆಂಡತಿ ಹೊಸ ಕತ್ತೆ ತಂದಳು. ನನ್ನನ್ನು ಕೇಳಲಿಲ್ಲ. ಒಳಗಿದೆ.' ಅಲ್ಲಿಂದ ಗೆರೆ ಮತ್ತೆ ಮೇಲಕ್ಕೆ.

"ಬಿಟ್ಟ ನೆಲ ಉಳೀಲಿಲ್ಲ," ಎಂದರು ಮೇಡಂ ತಮಗೆ ತಾವೇ. "ಕತ್ತೆ ಮೇಯ್ದ ನೆಲ ಉಳೀತು. ವಾರಕ್ಕೊಂದ್ಸಲ, ಮೂರು ಗಂಟೆ." ಭಾವನ ಕಡೆ ತಿರುಗಿದರು. "ಈ ಎರಡು ವರ್ಷ ಯಾಕೆ ಇನ್ನೊಂದು ಕತ್ತೆ ತರ್ಲಿಲ್ಲ? ಸಿಗ್ಲಿಲ್ವಾ?"

"ಇಟ್ಟಿಗೆ ಗೂಡಲ್ಲಿ ಬೇಕಾದಷ್ಟಿದ್ವು ಮೇಡಂ."

"ಮತ್ತೆ?"

ಭಾವ ಚೌಕಟ್ಟಿನ ಹಿಡಿ ಸವರಿದರು. "ಮನಸ್ಸಾಗ್ಲಿಲ್ಲ. ಬೇಜಾರಾಗಿತ್ತು."

ಇಷ್ಟು ದಿನ ನಾವೆಲ್ಲ ಓಡಾಡುತ್ತ ನೋಡುತ್ತಿದ್ದ ಆ ಗುಂಡಿ ನಮ್ಮ ಭಾವನ ದುಃಖ. ಅಷ್ಟು ಆಳವಿತ್ತು ಅದು, ಅಷ್ಟು ಅಗಲವಿತ್ತು, ಮತ್ತು ಅದನ್ನು ಅವರೇ ಪ್ರತಿ ಸೋಮವಾರ ಅಳೆದು ಬರೆದಿದ್ದರು.

ಆಮೇಲೆ ಕಚೇರಿ ಕಚೇರಿಯಂತೆಯೇ ನಡೆದುಕೊಂಡಿತು. ಟ್ರ್ಯಾಕ್ಟರು ಬಂದು ಕೆಲಸ ಕಳೆದುಕೊಂಡಿದ್ದ ಇಟ್ಟಿಗೆ ಗೂಡಿನ ಹದಿನಾಲ್ಕು ಕತ್ತೆಗಳನ್ನು ಇಲಾಖೆಗೆ ತೆಗೆದುಕೊಂಡರು. ವಾಪಸ್ ಕಳಿಸಲು ನಿಯಮವಿಲ್ಲದ ಕಂಬ ತಂತಿಗಳಿಂದ ಅವು ಸರದಿಯಂತೆ ಮೇಯಲು ಬಯಲಿನುದ್ದಕ್ಕೂ ದೊಡ್ಡ ದೊಡ್ಡ ಆವರಣ ಕಟ್ಟಿದರು. ಹೆಡ್ ಗುಮಾಸ್ತರು ಕತ್ತೆಗಳಿಗೆ ಹಾಜರಿ ಪುಸ್ತಕ ತೆರೆದರು, ತಡವಾಗಿ ಬಂದವಕ್ಕೆ ಕೆಂಪು ಶಾಯಿ. ನನ್ನ ಗುತ್ತಿಗೆ ಮುಂದುವರಿಯಿತು, ಜನ್ಮದಲ್ಲಿ ಇನ್ನು ಷರಾ ಬಿಡುವುದಿಲ್ಲ ಎಂದು ಬರೆದುಕೊಟ್ಟ ಮೇಲೆ. ಭಾವ ನಿವೃತ್ತರಾಗುವ ಹಿಂದಿನ ದಿನ, ಮೂವತ್ತೊಂದು ವರ್ಷದ ಹಿಂದೆ ಮಂಜೂರಾಗಿದ್ದ ಜೀಪು ಬಂತು. ಮೇಡಂ ಅದನ್ನು ಒಂದು ಸುತ್ತು ಹಾಕಿ ನೋಡಿ, 'ಇದು ಮೇಯುವುದಿಲ್ಲ' ಎಂದು ಷರಾ ಬರೆದು ವಾಪಸ್ ಕಳಿಸಿದರು.

ವರದಿ ಅಚ್ಚಾಗಿ ಬಂದಾಗ ಭಾವನಿಗೊಂದು ಪ್ರತಿ ಕೊಡಲು ನಾನೇ ಹೋದೆ. ಅಕ್ಕ ಕೈ ಒರೆಸಿಕೊಂಡು ಮೊದಲು ತಾನು ತೆಗೆದುಕೊಂಡಳು. ಗ್ರಾಫು ಇರುವ ಪುಟ ತೆರೆದಳು. ನಕ್ಷತ್ರ ಅಲ್ಲೇ ಇತ್ತು, ಕೆಳಗಿನ ಮಾತು ಮಾತ್ರ ಬದಲಾಗಿತ್ತು. ಗಟ್ಟಿಯಾಗಿ ಓದಿದಳು: "ಈ ಎರಡು ವರ್ಷ ವೀಕ್ಷಕರಿಗೆ ಬೇಜಾರಾಗಿತ್ತು." ಓದಿ ಸೆರಗಿನಿಂದ ಮೂಗು ಒರೆಸಿಕೊಂಡು, "ನನಗೆ ಗೊತ್ತಿರ್ಲಿಲ್ವಾ, ಅದನ್ನ ಅಚ್ಚು ಹಾಕಿಸಬೇಕಿತ್ತಾ," ಎಂದಳು. ಆ ದಿನ ನನಗೆ ಮೂರು ಸಲ ಬಡಿಸಿದಳು.

ಭಾವ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅಂಚಿನಲ್ಲಿ ಸಣ್ಣಗೆ ತಿದ್ದಿದರು: 'ಎರಡು ವರ್ಷ ಮೂರು ವಾರ.'